ರಂಧ್ರಮಯ ಇಂಗಾಲದ ಅಳತೆಗೋಲು: ಒಂದು ವಿಮರ್ಶೆ

1

ಒಂದು ಶಾಸ್ತ್ರಶಾಖೆ ಚುರುಕಾಗಿ ಬೆಳೆಯುತ್ತಿರುವಾಗ ಅದರಲ್ಲಿ ಪ್ರಕಟವಾಗುವ ಪ್ರಬಂಧಗಳನ್ನು ಎಣಿಸುವವರು ಬಹುಮಂದಿ. ಅವುಗಳನ್ನು ತೂಗಿ ನೋಡುವವರು ಕೆಲವರು. ವಿಮರ್ಶೆಯೆಂಬುದು ಕಾವ್ಯನಾಟಕಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ. ವಿಜ್ಞಾನದ ಪ್ರಬಂಧವಾದರೋ ಪ್ರಯೋಗದಿಂದ ದೊರೆತ ಅಂಕಿಗಳನ್ನು ಹೇಳುತ್ತದೆ, ಅಂಕಿಗಳಲ್ಲಿ ವಿಮರ್ಶಿಸತಕ್ಕದ್ದೇನಿದೆ ಎಂದು ಕೇಳುವವರುಂಟು. ಆದರೆ ಅಂಕಿಯೂ ಒಂದು ಬಗೆಯ ಮಾತೇ. ಯಾವುದನ್ನು ಅಳೆಯಬೇಕು, ಅಳೆದುದನ್ನು ಯಾವುದರಿಂದ ಭಾಗಿಸಬೇಕು, ಯಾವುದನ್ನು ಹೇಳದೆ ಬಿಡಬೇಕು ಎಂಬುದನ್ನು ನಿಶ್ಚಯಿಸುವವನು ಲೇಖಕನೇ. ಆ ನಿಶ್ಚಯದಲ್ಲಿ ವಿವೇಕವಿದ್ದರೆ ಅಂಕಿ ಬೆಳಕನ್ನು ಬೀರುತ್ತದೆ. ಇಲ್ಲದಿದ್ದರೆ ಅಲಂಕಾರಭೂಯಿಷ್ಠವಾದ ಪದ್ಯದಂತೆ ಕಣ್ಣನ್ನು ಕೋರೈಸಿ ಅರ್ಥವನ್ನು ಮರೆಮಾಡುತ್ತದೆ.

ಪ್ರಕೃತ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಸೂಪರ್‌ಕೆಪಾಸಿಟರ್ ಎಂದು ಹೆಸರು ಪಡೆದಿರುವ ಮಹಾಧಾರಕಗಳಲ್ಲಿ ವಿದ್ಯುಚ್ಛಕ್ತಿಯನ್ನು ಕೂಡಿಡಲು ಬಳಸುವ ರಂಧ್ರಮಯ ಇಂಗಾಲವನ್ನು ಕುರಿತ ಸಂಶೋಧನ ಸಾಹಿತ್ಯವನ್ನು. ಕಳೆದ ಎರಡು ದಶಕಗಳಲ್ಲಿ ಈ ಸಾಹಿತ್ಯ ಅಪಾರವಾಗಿ ಬೆಳೆದಿದೆ. ಸ್ನಾತಕೋತ್ತರ ತರಗತಿಗಳ ಕಿರುಪ್ರಬಂಧಗಳಿಗೆ ಇದು ಅಚ್ಚುಮೆಚ್ಚಿನ ವಸ್ತು. ಕುಲುಮೆಯೊಂದು, ಕ್ಷಾರವಷ್ಟು, ಅಳತೆಯ ಯಂತ್ರವೊಂದು ಇದ್ದರೆ ಕೆಲಸ ನಡೆಯುತ್ತದೆ. ಈ ಪ್ರಬಂಧಗಳು ತಮ್ಮ ಯೋಗ್ಯತೆಯನ್ನು ತೋರಿಸಿಕೊಳ್ಳಲು ಆರಿಸಿಕೊಂಡಿರುವ ಅಳತೆಗೋಲು ಒಂದೇ: ಒಂದು ಗ್ರಾಂ ಇಂಗಾಲಕ್ಕೆ ಇಷ್ಟು ಫ್ಯಾರಡ್ ಎಂಬ ಸಂಖ್ಯೆ. ಈ ಸಂಖ್ಯೆ ಸುಳ್ಳಲ್ಲ. ಆದರೆ ಅದು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವಲ್ಲ. ಒಳ್ಳೆಯ ಕೆಲಸವನ್ನು ಸಾಧಾರಣ ಕೆಲಸದಿಂದ ಬೇರ್ಪಡಿಸುವ ಶಕ್ತಿ ಅದಕ್ಕಿಲ್ಲ. ಅಷ್ಟೇ ಅಲ್ಲ, ಅದರ ಬೆನ್ನು ಹತ್ತಿದ ವಿದ್ಯಾರ್ಥಿಯ ಶ್ರಮ ಪ್ರಯೋಜನವಿಲ್ಲದ ಕಡೆಗೆ ಹರಿದುಹೋಗುತ್ತಿದೆ. ಇದೇ ಈ ಲೇಖನದಲ್ಲಿ ನಾವು ಪ್ರತಿಪಾದಿಸಬೇಕೆಂದಿರುವ ವಿಷಯ.

2

ಮೊದಲು ತತ್ತ್ವವನ್ನು ಸಂಕ್ಷೇಪವಾಗಿ ನೆನಪಿಗೆ ತಂದುಕೊಳ್ಳೋಣ. ವಿದ್ಯುದ್ವಿಚ್ಛೇದ್ಯ ದ್ರವದಲ್ಲಿ ಅದ್ದಿದ ವಾಹಕಕ್ಕೆ ವಿದ್ಯುದಂಶವನ್ನು ಕೊಟ್ಟರೆ, ಅದಕ್ಕೆ ಎದುರಾದ ವಿದ್ಯುದಂಶವುಳ್ಳ ಅಯಾನುಗಳು ದ್ರವದ ಕಡೆಯಿಂದ ಬಂದು ಅದರ ಮೈಗೆ ಒತ್ತಿಕೊಂಡು ಸಾಲುಗಟ್ಟುತ್ತವೆ. ಹೆಲ್ಮ್‌ಹೋಲ್ಟ್ಸ್ 1853ರಲ್ಲಿಯೇ ಕಲ್ಪಿಸಿದ ಈ ಜೋಡಿಪದರವು ಒಂದು ಧಾರಕದಂತೆ ವರ್ತಿಸುತ್ತದೆ. ಎರಡು ತಟ್ಟೆಗಳ ನಡುವಣ ದೂರ ಇಲ್ಲಿ ಅಣುವಿನ ಗಾತ್ರದಷ್ಟು ಮಾತ್ರ. ಆದುದರಿಂದ ಇಂಗಾಲದ ಮೈಯ ಒಂದು ಚದರ ಸೆಂಟಿಮೀಟರಿಗೆ ಸುಮಾರು 10 ಮೈಕ್ರೊಫ್ಯಾರಡಿನಷ್ಟು ಧಾರಕತೆ ದೊರೆಯುತ್ತದೆ. ಇದು ನೋಟಕ್ಕೆ ಅಲ್ಪ. ಆದರೆ ಒಂದು ಗ್ರಾಂ ಇಂಗಾಲದೊಳಗೆ ಸೂಕ್ಷ್ಮ ರಂಧ್ರಗಳನ್ನು ಕೊರೆದು 1000 ಚದರ ಮೀಟರಿನಷ್ಟು ಮೈಯನ್ನು ಅಡಗಿಸಿದರೆ, ಅದೇ ಲೆಕ್ಕದಂತೆ ಆ ಒಂದು ಗ್ರಾಮಿನ ಧಾರಕತೆ 100 ಫ್ಯಾರಡ್ ಆಗುತ್ತದೆ. ರೇಡಿಯೋ ಯಂತ್ರಗಳ ಧಾರಕಗಳನ್ನು ಫ್ಯಾರಡಿನ ಹತ್ತು ಲಕ್ಷದ ಭಾಗಗಳಲ್ಲಿ ಎಣಿಸುತ್ತಿದ್ದವರಿಗೆ ಇದು ಬೆರಗಿನ ಸಂಗತಿಯೇ ಸರಿ.

ಈ ಬೆರಗು ಮೊದಲು ಕಾರ್ಯರೂಪಕ್ಕೆ ಬಂದುದು 1957ರಲ್ಲಿ. ಆ ವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಬೆಕರ್ ಎಂಬವರಿಗೆ ರಂಧ್ರಮಯ ಇಂಗಾಲದ ವಿದ್ಯುದ್ವಾರಗಳುಳ್ಳ ಧಾರಕಕ್ಕಾಗಿ ಪೇಟೆಂಟ್ ದೊರೆಯಿತು. ಒಳಗೆ ನಿಜವಾಗಿ ಏನು ನಡೆಯುತ್ತಿದೆಯೆಂಬುದು ಖಚಿತವಾಗಿ ತಿಳಿಯದು, ಧಾರಕತೆ ಮಾತ್ರ ಅತ್ಯಧಿಕವಾಗಿ ಬರುತ್ತದೆ ಎಂಬ ಅರ್ಥದ ಮಾತು ಆ ಪೇಟೆಂಟಿನಲ್ಲಿಯೇ ಇದೆ. ತನಗೆ ತಿಳಿದುದರ ಮೇರೆಯನ್ನು ಇಷ್ಟು ನೇರವಾಗಿ ಹೇಳಿದ ವಾಕ್ಯವನ್ನು ಇಂದಿನ ಪ್ರಬಂಧಗಳಲ್ಲಿ ನಾವು ಕಾಣುವುದು ಅಪರೂಪ. 1966ರಲ್ಲಿ ಓಹಾಯೋದ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯ ರೈಟ್‌ಮೈರ್ ಅವರು ಈ ಸಾಧನಕ್ಕೆ ಇಂದಿಗೂ ಮಾದರಿಯಾಗಿರುವ ರೂಪವನ್ನು ಕೊಟ್ಟರು. 1970ರ ದಶಕದಲ್ಲಿ ಜಪಾನಿನ ಎನ್‌ಇಸಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಹಾಧಾರಕದಲ್ಲಿ ಕೂಡಿಡಬಹುದಾದ ಶಕ್ತಿಯು ಧಾರಕತೆಯನ್ನು ಮಾತ್ರ ಅವಲಂಬಿಸಿಲ್ಲ. ಧಾರಕತೆಯ ಅರ್ಧವನ್ನು ವಿಭವಾಂತರದ ವರ್ಗದಿಂದ ಗುಣಿಸಿದರೆ ಶಕ್ತಿ ಬರುತ್ತದೆ. ಧಾರಕತೆಯನ್ನು ಇಮ್ಮಡಿಸಿದರೆ ಶಕ್ತಿ ಇಮ್ಮಡಿಯಾಗುತ್ತದೆ; ವಿಭವಾಂತರವನ್ನು ಇಮ್ಮಡಿಸಿದರೆ ಶಕ್ತಿ ನಾಲ್ಮಡಿಯಾಗುತ್ತದೆ. ಪದವಿಪೂರ್ವ ತರಗತಿಯ ಈ ಸೂತ್ರವನ್ನು ಮರೆಯದಿದ್ದರೆ ಮುಂದೆ ನಾವು ಹೇಳುವುದರ ಬಹುಭಾಗ ತಾನಾಗಿಯೇ ಸ್ಪಷ್ಟವಾಗುತ್ತದೆ.

3

ಮೇಲ್ಮೈ ಹೆಚ್ಚಿದಷ್ಟೂ ಧಾರಕತೆ ಹೆಚ್ಚಬೇಕೆಂಬುದು ಸಹಜವಾದ ನಿರೀಕ್ಷೆ. ಆದುದರಿಂದಲೇ ಪ್ರತಿಯೊಂದು ಪ್ರಬಂಧದ ಮುಂಭಾಗದಲ್ಲಿಯೂ ಮೇಲ್ಮೈಯ ವಿಸ್ತೀರ್ಣವನ್ನು ಹೆಮ್ಮೆಯಿಂದ ಸಾರಿರುತ್ತಾರೆ. ಇದನ್ನು ಅಳೆಯುವ ಕ್ರಮ 1938ರಲ್ಲಿ ಬ್ರುನೌವರ್, ಎಮೆಟ್, ಟೆಲ್ಲರ್ ಎಂಬ ಮೂವರು ನಿರೂಪಿಸಿದ್ದು. ಅವರ ಹೆಸರಿನ ಮೊದಲಕ್ಷರಗಳಿಂದ ಬಿಇಟಿ ಎಂದು ಪ್ರಸಿದ್ಧವಾಗಿದೆ. ದ್ರವ ನೈಟ್ರೊಜನ್ನಿನ ಶೈತ್ಯದಲ್ಲಿ, ಎಂದರೆ 77 ಕೆಲ್ವಿನ್ ಉಷ್ಣತೆಯಲ್ಲಿ, ಇಂಗಾಲವು ಎಷ್ಟು ನೈಟ್ರೊಜನ್ ಅನಿಲವನ್ನು ತನ್ನ ಮೈಮೇಲೆ ಹಿಡಿದುಕೊಳ್ಳುತ್ತದೆಯೆಂಬುದನ್ನು ನೋಡಿ, ಅಣುಗಳು ಪದರಪದರವಾಗಿ ಕೂಡುತ್ತವೆಂಬ ಊಹೆಯ ಮೇಲೆ ವಿಸ್ತೀರ್ಣವನ್ನು ಗುಣಿಸುತ್ತಾರೆ. ಬಯಲಾದ ಮೈಗೆ ಈ ಊಹೆ ಸಲ್ಲುತ್ತದೆ. ಎರಡು ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರದಲ್ಲಿ ಪದರಗಳಿಗೆ ಎಡೆಯೆಲ್ಲಿ? ಅಲ್ಲಿ ಅನಿಲವು ರಂಧ್ರವನ್ನು ತುಂಬಿಬಿಡುತ್ತದೆ. ತುಂಬಿದ ಗಾತ್ರವನ್ನು ಹಾಸಿದ ವಿಸ್ತಾರವೆಂದು ಎಣಿಸಿದರೆ ಬರುವ ಉತ್ತರ ಗಡಿಗೆಯಲ್ಲಿ ಹಿಡಿದ ನೀರಿನಿಂದ ಗಡಿಗೆಯ ಮೈಯನ್ನು ಅಳೆದಂತೆ.

ಇಂಗಾಲದ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯ, ಎಂದರೆ ಗ್ರಾಫೀನಿನ, ಎರಡೂ ಮುಖಗಳನ್ನು ಸೇರಿಸಿದರೆ ಒಂದು ಗ್ರಾಮಿಗೆ ಸುಮಾರು 2630 ಚದರ ಮೀಟರ್ ಬರುತ್ತದೆ. ಹಾಳೆಗಳು ಬಹಳ ಚಿಕ್ಕವಾದರೆ ಅಂಚುಗಳ ಪಾಲೂ ಸೇರುವುದರಿಂದ ಇದನ್ನು ಮೀರುವುದು ಅಸಾಧ್ಯವೇನೂ ಅಲ್ಲ. ಆದರೆ 3000ಕ್ಕೂ ಹೆಚ್ಚಿನ ಸಂಖ್ಯೆಯನ್ನು ಬರೆಯುವ ಲೇಖಕನು ಒಂದು ಕ್ಷಣ ನಿಂತು ಇದು ಹೇಗೆ ಸಾಧ್ಯವಾಯಿತೆಂದು ವಿಚಾರಿಸಬೇಕಾದದ್ದು ಅವಶ್ಯ. ಹಾಗೆ ನಿಂತವರು ವಿರಳ.

ಈ ಅಳತೆಯ ದೌರ್ಬಲ್ಯ ಊಹೆಯ ಮಾತಲ್ಲ. 2022ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮೊದಲೇ ಅಳೆದಿಟ್ಟ 18 ಅಧಿಶೋಷಣ ರೇಖೆಗಳನ್ನು 61 ಪ್ರಯೋಗಶಾಲೆಗಳಿಗೆ ಕಳುಹಿಸಿ ಬಿಇಟಿ ವಿಸ್ತೀರ್ಣವನ್ನು ಗುಣಿಸಿಕೊಡಬೇಕೆಂದು ಕೇಳಲಾಯಿತು. ಪ್ರಯೋಗ ಒಂದೇ, ಅಂಕಿಗಳು ಒಂದೇ. ಆದರೂ ಉತ್ತರಗಳು ಬಹಳ ಅಂತರದಲ್ಲಿ ಚದುರಿದವು. ರೇಖೆಯ ಯಾವ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಆಯ್ಕೆಯೊಂದೇ ಇಷ್ಟು ವ್ಯತ್ಯಾಸಕ್ಕೆ ಸಾಕಾಯಿತು. ಹೀಗಿರುವಲ್ಲಿ ಒಂದು ಪ್ರಬಂಧದ 2400 ಚದರ ಮೀಟರನ್ನು ಮತ್ತೊಂದರ 2200ರ ಪಕ್ಕದಲ್ಲಿಟ್ಟು ಮೊದಲನೆಯದು ಮೇಲೆಂದು ತೀರ್ಪು ಕೊಡುವುದು ಹೇಗೆ?

ಇನ್ನೂ ಮುಖ್ಯವಾದ ಮಾತೊಂದಿದೆ. ವಿಸ್ತೀರ್ಣ ನಿಜವಾಗಿಯೇ ಹೆಚ್ಚಿದರೂ ಧಾರಕತೆ ಅದನ್ನು ಕೊನೆಯವರೆಗೆ ಹಿಂಬಾಲಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾರ್ಬಿಯೇರಿ ಮತ್ತು ಅವರ ಸಂಗಡಿಗರು 2005ರಲ್ಲಿ ತೋರಿಸಿದಂತೆ, ಸುಮಾರು 1200 ಚದರ ಮೀಟರನ್ನು ದಾಟಿದ ಮೇಲೆ ಗ್ರಾಮಿನ ಧಾರಕತೆ ಬಹುಮಟ್ಟಿಗೆ ನಿಂತಲ್ಲಿಯೇ ನಿಲ್ಲುತ್ತದೆ. ರಂಧ್ರಗಳು ಹೆಚ್ಚುತ್ತ ಹೋದಂತೆ ಅವುಗಳ ನಡುವಣ ಗೋಡೆಗಳು ತೆಳುವಾಗುತ್ತವೆ. ತೆಳುವಾದ ಗೋಡೆಯೊಳಗೆ ವಿದ್ಯುದಂಶಕ್ಕೆ ಸ್ಥಳ ಸಾಲದು. ಒಂದು ಗೋಡೆಯ ಎರಡು ಮುಖಗಳೂ ಒಂದೇ ವಿದ್ಯುದಂಶದ ಸಂಗ್ರಹಕ್ಕೆ ಪಾಲುದಾರರಾಗಬೇಕಾಗುತ್ತದೆ. ಇದನ್ನು ಕಂಡುಕೊಂಡು ಎರಡು ದಶಕಗಳಾದರೂ ವಿಸ್ತೀರ್ಣದ ಸ್ಪರ್ಧೆ ನಿಂತಿಲ್ಲವೆಂಬುದು ಸೋಜಿಗ.

4

ರಂಧ್ರದ ಅಗಲದ ವಿಚಾರದಲ್ಲಿ ಈ ಸಾಹಿತ್ಯ ತಳೆದ ಅಭಿಪ್ರಾಯಗಳ ಚರಿತ್ರೆ ಬೋಧಪ್ರದವಾಗಿದೆ. ಅಯಾನು ದ್ರವದಲ್ಲಿ ಒಂಟಿಯಾಗಿ ಇರುವುದಿಲ್ಲ. ದ್ರಾವಕದ ಅಣುಗಳು ಅದನ್ನು ಸುತ್ತುವರಿದಿರುತ್ತವೆ. ಈ ಪರಿವಾರಸಹಿತವಾದ ಅಯಾನಿಗಿಂತ ಕಿರಿದಾದ ರಂಧ್ರ ನಿರುಪಯೋಗವೆಂದೇ ಬಹುಕಾಲ ನಂಬಿದ್ದರು. 2006ರಲ್ಲಿ ಚ್ಮಿಯೋಲ, ಗೊಗೊಟ್ಸಿ, ಸಿಮೊನ್ ಮೊದಲಾದವರು ಟೈಟೇನಿಯಂ ಕಾರ್ಬೈಡಿನಿಂದ ತಯಾರಿಸಿದ ಇಂಗಾಲದಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡರು. ರಂಧ್ರದ ಅಗಲ ಒಂದು ನ್ಯಾನೊಮೀಟರಿಗಿಂತ ಕಡಿಮೆಯಾದಾಗ ಧಾರಕತೆ ಇಳಿಯುವುದರ ಬದಲು ಏರಿತು. ಅಯಾನು ತನ್ನ ಪರಿವಾರವನ್ನು ಬಾಗಿಲಲ್ಲಿ ಬಿಟ್ಟು ಒಳಗೆ ನುಗ್ಗುತ್ತದೆಯೆಂದು ಅವರು ವ್ಯಾಖ್ಯಾನಿಸಿದರು. 2008ರಲ್ಲಿ ಇದೇ ಬಳಗದವರು ದ್ರಾವಕವೇ ಇಲ್ಲದ ಅಯಾನು ದ್ರವವೊಂದರಲ್ಲಿ, ರಂಧ್ರದ ಅಗಲವೂ ಅಯಾನಿನ ಗಾತ್ರವೂ ಒಂದಾಗುವ 0.7 ನ್ಯಾನೊಮೀಟರಿನ ಸುಮಾರಿನಲ್ಲಿ ಧಾರಕತೆ ತುತ್ತತುದಿಯನ್ನು ಮುಟ್ಟುವುದೆಂದು ತೋರಿಸಿದರು.

ಈ ಕೆಲಸ ಘನವಾದುದೆಂಬುದರಲ್ಲಿ ಸಂದೇಹವಿಲ್ಲ. ಹಳೆಯ ನಂಬಿಕೆಯೊಂದನ್ನು ಅದು ಕದಲಿಸಿತು. ಆದರೆ ಅದರ ತರುವಾಯ ನಡೆದುದೇನು? ಮುಂದಿನ ಅಸಂಖ್ಯ ಪ್ರಬಂಧಗಳು ತಮ್ಮ ಇಂಗಾಲದಲ್ಲಿ ಅಧಿಕ ಧಾರಕತೆ ಕಂಡಾಗಲೆಲ್ಲ ಕಿರಿಯ ರಂಧ್ರಗಳಿಗೆ ಆ ಕೀರ್ತಿಯನ್ನು ಕೊಟ್ಟವು. ಧಾರಕತೆ ವೇಗದಲ್ಲಿಯೂ ಉಳಿದರೆ ಹಿರಿಯ ರಂಧ್ರಗಳಿಗೆ ಕೊಟ್ಟವು. ಎರಡೂ ಇದ್ದರೆ ಶ್ರೇಣೀಬದ್ಧ ರಂಧ್ರವ್ಯವಸ್ಥೆಯೆಂದು ಹೆಸರಿಟ್ಟವು. ಯಾವ ಫಲ ಬಂದರೂ ವಿವರಿಸಬಲ್ಲ ಸಿದ್ಧಾಂತವು ಯಾವ ಫಲವನ್ನೂ ಮುಂದಾಗಿ ಹೇಳಲಾರದು. ಇತ್ತ 2011ರಲ್ಲಿ ಸೆಂಟೆನೊ, ಸೆರೆಡಾ, ಸ್ಟೋಕ್ಲಿ ಎಂಬವರು ಬೇರೆ ಬೇರೆ ಕ್ರಮಗಳಿಂದ ವಿಸ್ತೀರ್ಣವನ್ನು ಎಚ್ಚರಿಕೆಯಿಂದ ಅಳೆದು, 0.7ರಿಂದ 15 ನ್ಯಾನೊಮೀಟರಿನವರೆಗೂ ಚದರ ಸೆಂಟಿಮೀಟರಿನ ಧಾರಕತೆ ಹೆಚ್ಚುಕಡಿಮೆ ಒಂದೇ ಸಮನಾಗಿದೆಯೆಂದು ವಾದಿಸಿದರು. ಈ ಆಕ್ಷೇಪಣೆಗೆ ಸಲ್ಲಬೇಕಾದಷ್ಟು ಗಮನ ಸಲ್ಲಲಿಲ್ಲ.

2024ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಬಂದ ಫಲಿತಾಂಶ ಈ ಚರ್ಚೆಯನ್ನು ಮತ್ತೊಂದು ದಿಕ್ಕಿಗೆ ತಿರುಗಿಸಿದೆ. ಅಲ್ಲಿಯ ಗ್ರೇ, ಫೋರ್ಸ್ ಮೊದಲಾದವರು ಮಾರುಕಟ್ಟೆಯಲ್ಲಿ ದೊರೆಯುವ 20 ಬಗೆಯ ಇಂಗಾಲಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದಾಗ ಧಾರಕತೆಗೂ ರಂಧ್ರದ ಅಗಲಕ್ಕೂ ನಿಯತವಾದ ಸಂಬಂಧ ಕಾಣಲಿಲ್ಲ. ಪರಮಾಣು ನ್ಯೂಕ್ಲಿಯಸ್ಸಿನ ಕಾಂತಾನುರಣನದಿಂದ ಇಂಗಾಲದ ಒಳರಚನೆಯನ್ನು ಶೋಧಿಸಿದಾಗ, ಹಾಳೆಯ ತುಣುಕುಗಳು ಚಿಕ್ಕವಾಗಿಯೂ ಅಸ್ತವ್ಯಸ್ತವಾಗಿಯೂ ಇರುವ ಇಂಗಾಲವೇ ಹೆಚ್ಚು ವಿದ್ಯುದಂಶವನ್ನು ಹಿಡಿಯುವುದೆಂದು ಕಂಡುಬಂದಿತು. ಇದೇ ಕೊನೆಯ ಮಾತೆಂದು ನಾವು ಹೇಳುವುದಿಲ್ಲ. ನಮ್ಮ ಗಮನವನ್ನು ಸೆಳೆದದ್ದು ಆ ಕೆಲಸದ ಕ್ರಮ. ಒಂದು ಹೊಸ ಇಂಗಾಲವನ್ನು ಮಾಡಿ ಮೆರೆಸುವ ಬದಲು, ಇರುವ ಇಪ್ಪತ್ತನ್ನು ಒಂದೇ ತಕ್ಕಡಿಯಲ್ಲಿ ತೂಗಿದುದರಿಂದ ಆ ತಿಳಿವು ಲಭಿಸಿತು.

5

ಇನ್ನು ಗ್ರಾಮಿನ ಲೆಕ್ಕಕ್ಕೆ ಬರೋಣ. ಸಾಮಾನ್ಯವಾದ ಪ್ರಬಂಧವೊಂದರಲ್ಲಿ ಮೂರು ವಿದ್ಯುದ್ವಾರಗಳ ಕೋಶದಲ್ಲಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಜಲೀಯ ದ್ರಾವಣದಲ್ಲಿ, ಗ್ರಾಮಿಗೆ 300 ಫ್ಯಾರಡ್ ದೊರೆಯಿತೆಂದು ಬರೆದಿದೆಯೆನ್ನೋಣ. ಈ ಕೋಶದಲ್ಲಿ ಅಳೆದದ್ದು ಒಂದೇ ವಿದ್ಯುದ್ವಾರದ ಧಾರಕತೆ. ನಿಜವಾದ ಮಹಾಧಾರಕದಲ್ಲಿ ಅಂಥವು ಎರಡು ಒಂದರ ಹಿಂದೊಂದು ಕೂಡಿರುತ್ತವೆ. ಹಾಗೆ ಕೂಡಿದಾಗ ಧಾರಕತೆ ಅರ್ಧವಾಗುತ್ತದೆ, ಇಂಗಾಲದ ತೂಕ ಎರಡರಷ್ಟಾಗುತ್ತದೆ. ಆದುದರಿಂದ ಇಡಿಯ ಕೋಶಕ್ಕೆ ಗ್ರಾಮಿಗೆ ಉಳಿಯುವುದು ನಾಲ್ಕನೆಯ ಒಂದು ಪಾಲು, ಎಂದರೆ 75 ಫ್ಯಾರಡ್. ನೀರು 1.23 ವೋಲ್ಟಿನಲ್ಲಿ ವಿಭಜನೆ ಹೊಂದಲು ತೊಡಗುವುದರಿಂದ ಇಂಥ ಕೋಶವನ್ನು ಸುಮಾರು 1 ವೋಲ್ಟಿನಲ್ಲಿ ನಡೆಸಬೇಕು. ಲೆಕ್ಕ ಹಾಕಿದರೆ ಕಿಲೋಗ್ರಾಂ ಇಂಗಾಲಕ್ಕೆ 10.4 ವಾಟ್-ಗಂಟೆ ಶಕ್ತಿ ಸಿಕ್ಕುತ್ತದೆ.

ಇದರ ಪಕ್ಕದಲ್ಲಿ ಅಂಗಡಿಯಲ್ಲಿ ಸಿಕ್ಕುವ ಸಾಧಾರಣ ಇಂಗಾಲವನ್ನು ಇಡೋಣ. ಸಾವಯವ ದ್ರಾವಕದಲ್ಲಿ ಅದು ಗ್ರಾಮಿಗೆ ಸುಮಾರು 100 ಫ್ಯಾರಡ್ ಮಾತ್ರ ಕೊಡುತ್ತದೆ; ಆದರೆ 2.7 ವೋಲ್ಟನ್ನು ಸಹಿಸುತ್ತದೆ. ಅದೇ ಸೂತ್ರದಂತೆ ಕಿಲೋಗ್ರಾಮಿಗೆ 25.3 ವಾಟ್-ಗಂಟೆ ಆಗುತ್ತದೆ. ಮುನ್ನೂರು ಫ್ಯಾರಡಿನ ವೀರನಿಗಿಂತ ನೂರು ಫ್ಯಾರಡಿನ ಸಾಮಾನ್ಯನು ಎರಡೂವರೆ ಪಾಲು ಬಲಶಾಲಿ! ಪ್ರಬಂಧದ ತಲೆಬರಹದಲ್ಲಿ ಮಾತ್ರ 300 ಎಂಬ ಅಂಕಿಯೇ ವಿರಾಜಿಸುತ್ತದೆ.

ಈ ಪರಂಪರೆಯಲ್ಲಿ ನಮ್ಮ ನಾಡಿನಿಂದಲೇ ಬಂದ ಒಂದು ಕೆಲಸವನ್ನು ಇಲ್ಲಿ ಸ್ಮರಿಸುವುದು ಯುಕ್ತ. ಬೆಂಗಳೂರಿನ ಸಿ. ಎನ್. ಆರ್. ರಾವ್ ಅವರೂ ಅವರ ಸಂಗಡಿಗರೂ 2008ರಲ್ಲಿ ಗ್ರಾಫೀನಿನ ಮಹಾಧಾರಕಗಳನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಅಂಕಿಗಳನ್ನು ಕೊಟ್ಟಿದ್ದಾರೆ. ಗಂಧಕಾಮ್ಲದ ಜಲೀಯ ದ್ರಾವಣದಲ್ಲಿ 1 ವೋಲ್ಟಿನವರೆಗೆ ನಡೆಸಿದಾಗ ಗ್ರಾಮಿಗೆ 117 ಫ್ಯಾರಡ್. ಅಯಾನು ದ್ರವದಲ್ಲಿ 3.5 ವೋಲ್ಟಿನವರೆಗೆ ನಡೆಸಿದಾಗ 75 ಫ್ಯಾರಡ್. ಎರಡನೆಯದಕ್ಕೆ ಕಿಲೋಗ್ರಾಮಿಗೆ 31.9 ವಾಟ್-ಗಂಟೆ ಶಕ್ತಿಯೆಂದು ಅವರು ಹೇಳಿದ್ದಾರೆ. ವಿದ್ಯಾರ್ಥಿಗಳು ಇದನ್ನು ತಾವೇ ಗುಣಿಸಿ ನೋಡಬಹುದು: 75ನ್ನು 4ರಿಂದ ಭಾಗಿಸಿ, ಅದರ ಅರ್ಧವನ್ನು 3.5ರ ವರ್ಗದಿಂದ ಗುಣಿಸಿ, 3.6ರಿಂದ ಭಾಗಿಸಿದರೆ 31.9 ಬರುತ್ತದೆ. ಮೊದಲನೆಯದಕ್ಕೆ ಇದೇ ಲೆಕ್ಕ ಮಾಡಿದರೆ ಬರುವುದು 4ರ ಆಸುಪಾಸು. ಚಿಕ್ಕ ಧಾರಕತೆಯೇ ದೊಡ್ಡ ಶಕ್ತಿಯಾಯಿತು. ನಾಲ್ಕರಿಂದ ಭಾಗಿಸುವ ನ್ಯಾಯವನ್ನು ಪಾಲಿಸಿ, ಎರಡು ಅಂಕಿಗಳನ್ನೂ ಒಟ್ಟಿಗೆ ಮುಂದಿಟ್ಟ ಈ ಬರವಣಿಗೆ ಓದುಗನು ಲೆಕ್ಕವನ್ನು ಪರೀಕ್ಷಿಸಲು ಅವಕಾಶ ಕೊಡುತ್ತದೆ. ಅದು ಅದರ ಗುಣ. ಆದರೂ ಈ 31.9 ಇಂಗಾಲದ ತೂಕಕ್ಕೆ ಮಾತ್ರ ಸಂಬಂಧಿಸಿದ್ದೆಂಬುದನ್ನು ಓದುಗನು ಮರೆಯಕೂಡದು.

ಏಕೆಂದರೆ ಮಹಾಧಾರಕವೆಂದರೆ ಇಂಗಾಲವೊಂದೇ ಅಲ್ಲ. ಅಲ್ಯೂಮಿನಿಯಂ ಹಾಳೆ, ಬೇರ್ಪಡಿಸುವ ಪೊರೆ, ರಂಧ್ರಗಳನ್ನೆಲ್ಲ ತುಂಬುವ ದ್ರವ, ಅಂಟು, ಕವಚ ಇವೆಲ್ಲ ತೂಕವುಳ್ಳವು. ಗೊಗೊಟ್ಸಿ ಮತ್ತು ಸಿಮೊನ್ 2011ರಲ್ಲಿ ಈ ವಿಚಾರವಾಗಿ ಎಚ್ಚರಿಕೆ ಕೊಡುತ್ತ, ಮಾರಾಟದ ಸಾಧನದಲ್ಲಿ ಇಂಗಾಲದ ಪಾಲು ನೂರಕ್ಕೆ 30ರಷ್ಟು ಮಾತ್ರವೆಂದು ಹೇಳಿದರು. 3000 ಫ್ಯಾರಡಿನ, 2.7 ವೋಲ್ಟಿನ, ಅರ್ಧ ಕಿಲೋಗ್ರಾಂ ತೂಗುವ ಮಹಾಧಾರಕವೊಂದನ್ನು ತೆಗೆದುಕೊಂಡರೆ ಅದರಲ್ಲಿ ಅಡಗಿರುವುದು ಸುಮಾರು 3 ವಾಟ್-ಗಂಟೆ. ಎಂದರೆ ಕಿಲೋಗ್ರಾಮಿಗೆ 6. ಪ್ರಯೋಗಶಾಲೆಯಲ್ಲಿ ವಿದ್ಯುದ್ವಾರದ ಮೇಲೆ ಚದರ ಸೆಂಟಿಮೀಟರಿಗೆ ಒಂದು ಮಿಲಿಗ್ರಾಮಿನಷ್ಟು ಇಂಗಾಲವನ್ನು ತೆಳುವಾಗಿ ಬಳಿದಿರುತ್ತಾರೆ; ಕಾರ್ಖಾನೆಯಲ್ಲಿ ಅದು ಹತ್ತು ಮಿಲಿಗ್ರಾಮಿನಷ್ಟಿರುತ್ತದೆ. ತೆಳುವಾದ ಲೇಪದಲ್ಲಿ ಅಯಾನಿಗೆ ನಡೆಯಬೇಕಾದ ದೂರವಿಲ್ಲ, ಆದುದರಿಂದ ವೇಗ ಅದ್ಭುತವಾಗಿ ಕಾಣುತ್ತದೆ. ಆದರೆ ಅಂಥ ಲೇಪದಿಂದ ಸಾಧನವನ್ನು ಕಟ್ಟಿದರೆ ತೂಕವೆಲ್ಲ ಲೋಹದ ಹಾಳೆಯದೇ ಆಗಿಬಿಡುತ್ತದೆ.

ಗಾತ್ರದ ಮಾತೂ ಉಂಟು. ಅತಿಯಾಗಿ ರಂಧ್ರ ಕೊರೆದ ಇಂಗಾಲ ಅರಳಿದ ಹತ್ತಿಯಂತೆ ಹಗುರ. ಘನ ಸೆಂಟಿಮೀಟರಿಗೆ 0.3 ಗ್ರಾಂ ತೂಗುವ 300 ಫ್ಯಾರಡಿನ ಇಂಗಾಲ ಆ ಗಾತ್ರದಲ್ಲಿ 90 ಫ್ಯಾರಡನ್ನು ಹಿಡಿದರೆ, 0.7 ಗ್ರಾಂ ತೂಗುವ 150 ಫ್ಯಾರಡಿನ ಇಂಗಾಲ 105 ಫ್ಯಾರಡನ್ನು ಹಿಡಿಯುತ್ತದೆ. ವಾಹನದಲ್ಲಿಯೂ ಯಂತ್ರದಲ್ಲಿಯೂ ಸ್ಥಳವೆಂಬುದು ತೂಕದಷ್ಟೇ ಬೆಲೆಯುಳ್ಳದ್ದು. ಗ್ರಾಮಿನಿಂದ ಭಾಗಿಸುವಾಗ ಈ ಸ್ಥಳದ ಲೆಕ್ಕ ಸದ್ದಿಲ್ಲದೆ ಜಾರಿಹೋಗುತ್ತದೆ.

6

ಸಸ್ಯಜನ್ಯ ಇಂಗಾಲದ ಪ್ರಬಂಧ ಈಗ ಒಂದು ಸಾಹಿತ್ಯಪ್ರಕಾರವೇ ಆಗಿದೆ. ಅದಕ್ಕೆ ತನ್ನದೇ ಆದ ಸಂಪ್ರದಾಯಗಳಿವೆ. ಇಂಧನದ ಅಭಾವವನ್ನು ಕುರಿತ ಪೀಠಿಕೆ, ತ್ಯಾಜ್ಯವನ್ನು ಸಂಪತ್ತಾಗಿ ಪರಿವರ್ತಿಸುವ ಸಂಕಲ್ಪ, ಯಾವುದೋ ಸಿಪ್ಪೆಯ ಅಥವಾ ಕರಟದ ಆಯ್ಕೆ, ಕ್ಷಾರದೊಡನೆ ಕುಲುಮೆಯಲ್ಲಿ 700ರಿಂದ 900 ಡಿಗ್ರಿಯ ಪಾಕ, ಅಧಿಕವಾದ ವಿಸ್ತೀರ್ಣ, ಅಧಿಕವಾದ ಫ್ಯಾರಡ್, ಹತ್ತು ಸಾವಿರ ಆವರ್ತನೆಗಳ ತರುವಾಯವೂ ಕುಂದದ ಧಾರಕತೆ, ಕಡೆಯಲ್ಲಿ ಉಜ್ಜ್ವಲ ಭವಿಷ್ಯದ ಮಂಗಳ. ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ, ಬತ್ತದ ಹೊಟ್ಟು, ಕಡೆಗೆ ಮನುಷ್ಯನ ತಲೆಗೂದಲವರೆಗೆ ಈ ಪಾಕಕ್ಕೆ ಸಿಕ್ಕದ ವಸ್ತುವಿಲ್ಲ.

ಈ ಪ್ರಯತ್ನದ ಹಿಂದಿರುವ ಸದುದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಮಾರುಕಟ್ಟೆಯ ಮಹಾಧಾರಕಗಳ ಇಂಗಾಲ ಬಹುಮಟ್ಟಿಗೆ ತೆಂಗಿನ ಚಿಪ್ಪಿನಿಂದಲೇ ಬರತಕ್ಕದ್ದು. ಚಿಪ್ಪು ಗಟ್ಟಿ, ಅದರ ಬೂದಿ ಕಡಿಮೆ. ಹಬೆಯಿಂದ ಪಟುಗೊಳಿಸಿದರೆ 1500ರಿಂದ 1700 ಚದರ ಮೀಟರಿನ ಮೇಲ್ಮೈಯುಳ್ಳ ನಂಬಿಕೆಗೆ ಯೋಗ್ಯವಾದ ಇಂಗಾಲವಾಗುತ್ತದೆ. ತಿಪಟೂರಿನ ಕೊಬ್ಬರಿಯ ಸೀಮೆಯಲ್ಲಿ ಬಿದ್ದಿರುವ ಚಿಪ್ಪು, ಮಲೆನಾಡಿನ ಅಡಿಕೆಯ ಸಿಪ್ಪೆ, ಕೊಡಗು ಚಿಕ್ಕಮಗಳೂರುಗಳ ಕಾಫಿಯ ಹೊಟ್ಟು ಇವುಗಳತ್ತ ನಮ್ಮ ವಿದ್ಯಾರ್ಥಿಗಳ ದೃಷ್ಟಿ ಹರಿದರೆ ಅದು ಸಹಜವೂ ಶ್ಲಾಘ್ಯವೂ ಆದುದು. ಆದರೆ ಪ್ರಶ್ನೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಇದ್ದಿಲಿನ ಮೂರು ನಾಲ್ಕು ಪಾಲು ತೂಕದ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಬೆರಸಿ 800 ಡಿಗ್ರಿಯಲ್ಲಿ ಸುಟ್ಟಾಗ ಕ್ಷಾರವು ಇಂಗಾಲವನ್ನು ಎಲ್ಲೆಡೆಯೂ ಕೊರೆಯುತ್ತದೆ. ಮೂಲವಸ್ತುವಿನ ಸ್ವಂತ ರಚನೆ ಅದರಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಹೀಗಾದ ಮೇಲೆ ಅಡಿಕೆಯೆಂದರೂ ಕಡಲೆಕಾಯಿಯೆಂದರೂ ವ್ಯತ್ಯಾಸವಿರುವುದು ತಲೆಬರಹದಲ್ಲಿ ಮಾತ್ರ. ಬತ್ತದ ಹೊಟ್ಟಿನಲ್ಲಿರುವ ಸಿಲಿಕದಂತೆ ಮೂಲವಸ್ತುವಿನ ಗುಣವೊಂದು ನಿಜವಾಗಿ ರಂಧ್ರಗಳನ್ನು ರೂಪಿಸಿದೆಯೆಂದು ತೋರಿಸಿಕೊಟ್ಟರೆ ಆಗ ಆ ಹೆಸರಿಗೆ ಅರ್ಥ ಬರುತ್ತದೆ. ಹಾಗೆ ತೋರಿಸಲು ಶ್ರಮಿಸಿದ ಪ್ರಬಂಧಗಳನ್ನು ನಾವು ಗೌರವಿಸುತ್ತೇವೆ. ಅವು ಸಂಖ್ಯೆಯಲ್ಲಿ ಸ್ವಲ್ಪ.

ಹಸಿರು ಕ್ರಮವೆಂಬ ವಿಶೇಷಣವನ್ನೂ ಪರೀಕ್ಷಿಸಬೇಕು. ಕೊರೆಯುವ ಕ್ಷಾರ, ಅದನ್ನು ತೊಳೆಯಲು ಆಮ್ಲ, ಆ ಆಮ್ಲವನ್ನು ಕಳೆಯಲು ಹೇರಳವಾದ ನೀರು, ಗಂಟೆಗಟ್ಟಲೆ ಉರಿಯುವ ಕುಲುಮೆ, ಕೊನೆಗೆ ಕೈಗೆ ಬರುವ ಅಲ್ಪ ಇಂಗಾಲ: ಇವುಗಳ ಲೆಕ್ಕವನ್ನು ಬರೆಯದೆ ಮೂಲವಸ್ತು ಕಸವಾಗಿತ್ತೆಂಬ ಒಂದೇ ಕಾರಣದಿಂದ ಆ ಹೆಸರನ್ನು ಕೊಡುವುದು ಉಚಿತವಲ್ಲ. ನೂರು ಗ್ರಾಂ ಸಿಪ್ಪೆಯಿಂದ ಎಷ್ಟು ಗ್ರಾಂ ಇಂಗಾಲ ಬಂದಿತೆಂಬ ಸರಳವಾದ ಅಂಕಿ ಎಷ್ಟೋ ಪ್ರಬಂಧಗಳಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ.

ಬಾಳಿಕೆಯ ವಿಚಾರವೂ ಹೀಗೆಯೇ. ಸೆಕೆಂಡುಗಳಲ್ಲಿ ಮುಗಿಯುವ ಹತ್ತು ಸಾವಿರ ಆವರ್ತನೆಗಳು ಕೆಲವೇ ದಿನಗಳ ಕೆಲಸ. ಮಹಾಧಾರಕವನ್ನು ನಿಜವಾಗಿ ಸವೆಸುವುದು ಪೂರ್ಣ ವಿಭವಾಂತರದಲ್ಲಿ, ಏರಿದ ಉಷ್ಣತೆಯಲ್ಲಿ, ದೀರ್ಘಕಾಲ ತುಂಬಿಕೊಂಡು ನಿಲ್ಲುವಿಕೆ. ಅಲ್ಲದೆ, ತುಂಬಿಟ್ಟ ವಿದ್ಯುದಂಶ ತಾನಾಗಿ ಎಷ್ಟು ಬೇಗ ಸೋರಿಹೋಗುತ್ತದೆಯೆಂಬುದು ಕೂಡಿಡುವ ಸಾಧನದ ಮೊದಲ ಗುಣವಾಗಬೇಕಾಗಿತ್ತು. ಸೋರುವ ಕೊಡದ ಗಾತ್ರವನ್ನು ಮಾತ್ರ ಹೊಗಳಿ ಸೋರಿಕೆಯ ಮಾತನ್ನೇ ಎತ್ತದಿರುವುದು ವಿಚಿತ್ರ.

7

ನಮ್ಮ ವಾದಕ್ಕೆ ಎದುರಾಗಿ ಒಂದು ಮಾತನ್ನು ಹೇಳಬಹುದು. ವಿಶ್ವವಿದ್ಯಾನಿಲಯ ಕಾರ್ಖಾನೆಯಲ್ಲ, ವಸ್ತುವಿನ ಸ್ವಭಾವವನ್ನು ಅರಿಯುವುದು ಅದರ ಕೆಲಸ, ಸಾಧನವನ್ನು ಕಟ್ಟುವುದಲ್ಲ ಎಂದು. ಈ ಮಾತು ಸರಿಯೇ. ಮೂರು ವಿದ್ಯುದ್ವಾರಗಳ ಕೋಶ, ತೆಳುವಾದ ಲೇಪ ಇವು ವಸ್ತುವಿನ ಸ್ವಭಾವವನ್ನು ಅರಿಯಲು ಯುಕ್ತವಾದ ಉಪಕರಣಗಳೇ. ಆದರೆ ಸ್ವಭಾವವನ್ನು ಅರಿಯಹೊರಟವನು ತನ್ನ ಅಂಕಿಯನ್ನು ಸಾಧನದ ಶಕ್ತಿಯೆಂದು ಬರೆದು ಬ್ಯಾಟರಿಗಳ ಪಕ್ಕದಲ್ಲಿ ನಿಲ್ಲಿಸಬಾರದು. ಒಂದೋ ಜ್ಞಾನಕ್ಕಾಗಿ ಅಳೆಯಲಿ, ಇಲ್ಲವೇ ಉಪಯೋಗಕ್ಕಾಗಿ ಅಳೆಯಲಿ; ಜ್ಞಾನದ ರಿಯಾಯಿತಿಯನ್ನು ಪಡೆದುಕೊಂಡು ಉಪಯೋಗದ ಕೀರ್ತಿಯನ್ನು ಕೇಳುವುದು ನ್ಯಾಯವಲ್ಲ. 2010ರಲ್ಲಿಯೇ ಸ್ಟೋಲರ್ ಮತ್ತು ರುವಾಫ್ ಎಂಬವರು ಅಳತೆಯ ಸರಿಯಾದ ಕ್ರಮವನ್ನು ವಿಶದವಾಗಿ ಬರೆದರು. ಆದುದರಿಂದ ದಾರಿ ತಿಳಿಯದೆಂದು ಹೇಳುವ ಹಾಗಿಲ್ಲ.

ಅಧ್ಯಾಪಕರು ಕಿರುಪ್ರಬಂಧವೊಂದನ್ನು ಒಪ್ಪಿಕೊಳ್ಳುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿದರೆ ಸಾಕು. ಅಂಗಡಿಯಲ್ಲಿ ಕೊಂಡ ಸಾಧಾರಣ ಇಂಗಾಲವನ್ನು ಅದೇ ಕೋಶದಲ್ಲಿ, ಅದೇ ದಪ್ಪದಲ್ಲಿ ಅಳೆದು ಪಕ್ಕದಲ್ಲಿಟ್ಟಿದೆಯೇ? ಎರಡು ವಿದ್ಯುದ್ವಾರಗಳ ಕೋಶದ ಅಂಕಿ ಎಲ್ಲಿದೆ? ಲೇಪದ ತೂಕವನ್ನೂ ಸಾಂದ್ರತೆಯನ್ನೂ ಹೇಳಿದೆಯೇ? ಅಧಿಶೋಷಣ ರೇಖೆಯ ಯಾವ ಭಾಗದಿಂದ ವಿಸ್ತೀರ್ಣವನ್ನು ತೆಗೆದರು? ತುಂಬಿದ ಕೋಶವನ್ನು ಒಂದು ರಾತ್ರಿ ಬಿಟ್ಟರೆ ಬೆಳಗಿಗೆ ಎಷ್ಟು ವೋಲ್ಟ್ ಉಳಿದಿತ್ತು? ಇವುಗಳಲ್ಲಿ ಯಾವುದಕ್ಕೂ ದುಬಾರಿಯಾದ ಯಂತ್ರ ಬೇಕಾಗಿಲ್ಲ. ಕಡೆಯ ಪ್ರಶ್ನೆಗೆ ಬೇಕಾದದ್ದು ಒಂದು ವೋಲ್ಟ್‌ಮೀಟರು ಮತ್ತು ತಾಳ್ಮೆ.

ಇಂಥ ಪ್ರಬಂಧದಲ್ಲಿ ಅಂಕಿಗಳು ಸಣ್ಣವಾಗಿ ಬರುತ್ತವೆ. ಗ್ರಾಮಿಗೆ 300ರ ಬದಲು 120 ಎಂದು ಬರೆಯಬೇಕಾಗಬಹುದು; ಅಡಿಕೆಯ ಸಿಪ್ಪೆಯ ಇಂಗಾಲ ಕೊಂಡ ಇಂಗಾಲಕ್ಕಿಂತ ಮೇಲಲ್ಲವೆಂದು ಒಪ್ಪಿಕೊಳ್ಳಬೇಕಾಗಬಹುದು. ಪತ್ರಿಕೆಗಳ ಸಂಪಾದಕರು ಅದನ್ನು ಅಷ್ಟು ಆದರದಿಂದ ಸ್ವೀಕರಿಸದಿರಬಹುದು. ಆದರೆ ಆ 120ರ ಮೇಲೆ ಮುಂದಿನ ವರ್ಷದ ವಿದ್ಯಾರ್ಥಿ ಕಾಲಿಟ್ಟು ನಿಲ್ಲಬಲ್ಲನು. 300ರ ಮೇಲೆ ನಿಲ್ಲಹೊರಟವನು ಮೊದಲು ಅದು ಯಾವ ಕೋಶದಲ್ಲಿ, ಯಾವ ದಪ್ಪದಲ್ಲಿ, ಯಾವ ದ್ರವದಲ್ಲಿ ಬಂದುದೆಂದು ಅಗೆದು ನೋಡಬೇಕಾಗುತ್ತದೆ. ಅಷ್ಟರಲ್ಲಿ ಅವನ ವರ್ಷ ಮುಗಿದಿರುತ್ತದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇರುವ ಕಾಲವೂ ಸಾಮಗ್ರಿಯೂ ಮಿತವಾದವು. ಅವರ ಕೈಗೆ ಸರಿಯಾದ ಅಳತೆಗೋಲನ್ನು ಕೊಡುವುದು ಅಧ್ಯಾಪಕರಾದ ನಮ್ಮ ಹೊಣೆ.